ಅಂಜನಪ್ಪನಿಗೆ ಓದಿ ಹೇಳದ ಪದ

ಅಂಜನಪ್ಪ ತೀರಿಕೊಂಡ ಸುದ್ದಿ ನಮಗೆ ತಿಳಿದದ್ದು 1977ನೆಯ ಇಸವಿ ಡಿಸೆಂಬರ್ ತಿಂಗಳ ಒಂದು ಗುರುವಾರ, ಶಾಲೆಯಲ್ಲಿ ಎರಡನೆಯ ಪೀರಿಯಡ್ಡು ನಡೆಯುತ್ತಿದ್ದಾಗ. ಧನುರ್ಮಾಸ ಹುಟ್ಟಿ ಐದಾರು ದಿನವಾಗಿತ್ತು. ಬೆಳಗಿನ ಪೂಜೆ ಮುಗಿಸಿ, ಹುಗ್ಗಿಯ ಪ್ರಸಾದ ತಿಂದು ಬಂದು ಒಂಬತ್ತನೆಯ ತರಗತಿಗೆ ಇಂಗ್ಲಿಷ್ ಪಾಠ ಮಾಡುತ್ತಿದ್ದೆ. ಗೇಟಿನ ಮುಂದೆ ಒಂದು ಟೆಂಪೋ ನಿಂತಿತು. ಅದರಿಂದ ಇಳಿದವನು ಎಣ್ಣೆಯ ಕಲೆಯಾದ ಖಾಕಿ ಅಂಗಿಯ ಒಬ್ಬ ಸಾಬರವನು. ಕೈಯಲ್ಲಿ ನಮ್ಮ ಶಾಲೆಯ ಹೆಸರು ಬರೆದ ಕಾಗದದ ಕಟ್ಟು ಇತ್ತು.

"ಸಾರ್, ಇದು ನಿಮ್ಮ ಸ್ಕೂಲಿಂದೇ ಅಲ್ವಾ?" ಎಂದ. "ನಾನು ತಿಪಟೂರು, ಅಬ್ದುಲ್ ರಹೀಮ್, ಮೆಕ್ಯಾನಿಕ್ಕು. ಬಸ್ ಸ್ಟ್ಯಾಂಡ್ ತಾವ ಇವ್ರು ಈ ಕಟ್ಟು ಇಟ್ಕೊಂಡು ಕೂತಿದ್ರು. ಎದೆ ಹಿಡ್ಕೊಂಡು ನೀರು ಕೇಳಿದ್ರು. ತಂದ್ಕೊಡೋ ಅಷ್ಟ್ರಲ್ಲಿ ಮುಗ್ದೋಗಿತ್ತು."

ಟೆಂಪೋದ ಹಿಂಭಾಗದಲ್ಲಿ ತೆಂಗಿನ ನಾರಿನ ಮೂಟೆಗಳ ಮೇಲೆ ಅಂಜನಪ್ಪ ಮಲಗಿದ್ದ. ರಹೀಮ್ ತನ್ನ ಟವೆಲ್ಲನ್ನು ಅವನ ಮುಖಕ್ಕೆ ಹೊದಿಸಿದ್ದ. ಎಸ್ಸೆಸ್ಸೆಲ್ಸಿ ಪರೀಕ್ಷೆಯ ಅರ್ಜಿ ನಮೂನೆ ತರಲು ಹಿಂದಿನ ದಿನ ತಿಪಟೂರಿಗೆ ಹೋದವನು, ಸಂಜೆಯ ಬಸ್ಸು ತಪ್ಪಿ, ಬೆಳಗಿನ ಬಸ್ಸಿಗೆ ಕಾಯುತ್ತಿದ್ದನಂತೆ.

ಹೆಡ್‌ಮಾಸ್ಟರು ತೋಂಟದಾರ್ಯನವರು ಹೊರಗೆ ಬಂದರು. ಟೆಂಪೋದೊಳಕ್ಕೆ ಒಂದು ಸಲ ಇಣುಕಿ ನೋಡಿದರು. ಅನಂತರ ಕಟ್ಟನ್ನು ಕೈಗೆ ತೆಗೆದುಕೊಂಡು, "ಒದ್ದೆಗಿದ್ದೆ ಆಗಿಲ್ಲ ತಾನೇ?" ಎಂದು ಕೇಳಿದರು. ಅಲ್ಲೇ ಜಗಲಿಯ ಮೇಲೆ ಕೂತು ದಾರ ಬಿಚ್ಚಿ ನಮೂನೆಗಳನ್ನು ಎಣಿಸಿದರು. ಎಣಿಸಿ ಮುಗಿಯುವವರೆಗೆ ಟೆಂಪೋ ಬಿಸಿಲಿನಲ್ಲಿ ನಿಂತಿತ್ತು. ಈಗ ಏಳು ವರ್ಷವಾಗಿದೆ. ಅವರು ಬೆರಳನ್ನು ನಾಲಿಗೆಗೆ ಒತ್ತಿ ಹಾಳೆ ಮಗುಚಿದ್ದನ್ನು ನಾನು ಮರೆತಿಲ್ಲ.

ಅಂಜನಪ್ಪ ನಮ್ಮ ಹೈಸ್ಕೂಲಿನ ಜವಾನ. ಊರಿನವರೇ ಸಂಘ ಮಾಡಿಕೊಂಡು ಕಟ್ಟಿದ ಶಾಲೆ ಅದು, ತುರುವೇಕೆರೆ ತಾಲ್ಲೂಕಿನಲ್ಲಿ. ಅವನೂ ನಾನೂ ಒಂದೇ ಬೀದಿಯವರು, ಒಂದೇ ವಯಸ್ಸಿನವರು. ಐಗಳ ಮಠದಲ್ಲಿ ಒಂದೇ ಮರಳಿನ ಮೇಲೆ ಅಕ್ಷರ ತಿದ್ದಿದವರು. ನಾಲ್ಕನೆಯ ತರಗತಿಗೆ ಅವನ ಓದು ನಿಂತಿತು. ನನಗೆ ತುಮಕೂರಿನಲ್ಲಿ ಸೋದರಮಾವ ಇದ್ದ ಕಾರಣ ಮುಂದುವರಿಯಿತು. ಶ್ರಾವಣ ಶನಿವಾರಗಳಂದು ಇಬ್ಬರೂ ಸಂಪಿಗೆ ಎಂಬ ಊರಿಗೆ ನಡೆದುಹೋಗಿ ಶ್ರೀನಿವಾಸಸ್ವಾಮಿಯ ದರ್ಶನ ಮಾಡಿ ಬರುತ್ತಿದ್ದೆವು. ದಾರಿಯಲ್ಲಿ ನಾವು ಒಬ್ಬರಿಗೊಬ್ಬರು "ಲೇ". ಶಾಲೆಯ ಗೇಟು ದಾಟಿದರೆ ಅವನು ನನ್ನನ್ನು "ಸಾರ್" ಎನ್ನುತ್ತಿದ್ದ. ಬೇಡವೆಂದು ನಾನು ಒಂದು ದಿನವೂ ಹೇಳಲಿಲ್ಲ.

ಆ ಗುರುವಾರ ನಡೆದದ್ದು ತಿಳಿಯಬೇಕಾದರೆ ಅದಕ್ಕೆ ಎಂಟು ವರ್ಷ ಹಿಂದಿನ ಸಂಗತಿಯನ್ನು ಹೇಳಬೇಕು.

ಇಂಗ್ಲಿಷಿನಲ್ಲಿ ನಾವು, ನೀವು ಎಂಬ ಸರ್ವನಾಮದ ಬೆನ್ನಿಗೇ ಒಂದು ನಾಮಪದವನ್ನು ಸೇರಿಸಿ ಆಡುವ ರೂಢಿ ಉಂಟು. ವೀ ಟೀಚರ್ಸ್, ಯು ಬಾಯ್ಸ್, ಅಸ್ ವಿಲೇಜರ್ಸ್, ಹೀಗೆ. ಕನ್ನಡದಲ್ಲಿ ನಾವು ರೈತರು, ನೀವು ಹೆಂಗಸರು ಎಂದಂತೆ. ಅದರಲ್ಲಿ ಕೆಟ್ಟದ್ದೇನೂ ಇಲ್ಲ. ನಾನೇ ವರ್ಷವರ್ಷವೂ ಬೋರ್ಡಿನ ಮೇಲೆ ಬರೆದು, 'ನಾವು' ಎಂದರೆ ಯಾರು ಯಾರು ಎಂಬುದನ್ನು ಮುಂದಿನ ಪದ ಗೊತ್ತುಮಾಡುತ್ತದೆ ಎಂದು ಹುಡುಗರಿಗೆ ಕಲಿಸಿದ್ದೇನೆ. ಯಾರನ್ನು ಹೊರಗಿಡುತ್ತದೆ ಎಂಬುದನ್ನು ಕಲಿಸಲಿಲ್ಲ. ಅದನ್ನು ನಮ್ಮ ಸ್ಟಾಫ್ ರೂಮು ಕಲಿಸುತ್ತಿತ್ತು. ಇನ್ಸ್‌ಪೆಕ್ಟರು ಬಂದರೆ ನಮ್ಮನ್ನು "ಯು ವಿಲೇಜ್ ಟೀಚರ್ಸ್" ಎನ್ನುತ್ತಿದ್ದರು. ಕೈಕಟ್ಟಿ ಕೇಳುತ್ತಿದ್ದೆವು. ಅವರ ಜೀಪು ಹೊರಟ ಮೇಲೆ ಕುಡಿಯುವ ನೀರಿನ ಕೊಡ ಖಾಲಿಯಾಗಿದೆ ಎಂದೋ, ಬೆಂಚಿನ ಮೇಲೆ ಧೂಳಿದೆ ಎಂದೋ ಅಂಜನಪ್ಪನ ಮೇಲೆ ಬೀಳುತ್ತಿದ್ದೆವು. "ಯು ಪೀಪಲ್" ಎಂದೇ ಮಾತು ಶುರುವಾಗುತ್ತಿತ್ತು. ಶಾಲೆಗೆ ಇದ್ದ ಜವಾನ ಅವನೊಬ್ಬನೇ. ಅದರ ಅರ್ಥ ಒಂದು ಸಲ ನನ್ನನ್ನು ಕೇಳಿ ತಿಳಿದುಕೊಂಡ ಮೇಲೆ ಅವನು ಹಿಂದೆ ತಿರುಗಿ ನೋಡಿ, "ಇನ್ಯಾರವ್ರೆ ಸಾರ್ ನನ್ನ ಜೊತೆ? ಯಾರಾದ್ರೂ ಇದ್ರೆ ಕಳ್ಸಿ, ನೀರು ಹೊರಾಕೆ ಆಯ್ತಾರೆ" ಎನ್ನುತ್ತಿದ್ದ. ನಾವು ನಗುತ್ತಿದ್ದೆವು. ಮರುದಿನ ಮತ್ತೆ ಅದೇ ಮಾತು.

1969ರಲ್ಲಿ ನಮ್ಮ ಡ್ರಾಯಿಂಗ್ ಮಾಸ್ಟರು ತೀರಿಕೊಂಡರು. ಅವರ ಮಣ್ಣಿಗೆ ಶಾಲೆಯಿಂದ ಒಬ್ಬರೂ ಹೋಗಲಿಲ್ಲವೆಂದು ಊರಿನಲ್ಲಿ ಮಾತಾಯಿತು. ಆಗ ತೋಂಟದಾರ್ಯನವರು ಒಂದು ನಿಯಮ ಬರೆಯಿಸಿದರು. ಶಾಲೆಯವರು ಯಾರಾದರೂ ಸತ್ತರೆ ಸುದ್ದಿ ಬಂದ ಗಳಿಗೆಯಿಂದ ಶಾಲೆ ಬಿಡತಕ್ಕದ್ದು, ಶಾಲೆಯ ಹೆಸರಿನ ಹಾರ ತೆಗೆದುಕೊಂಡು ಎಲ್ಲರೂ ಹೆಣದ ಹಿಂದೆ ನಡೆಯತಕ್ಕದ್ದು, ಗುಣಿಯ ಬಳಿ ಒಬ್ಬರು ನಾಲ್ಕು ಮಾತಾಡತಕ್ಕದ್ದು ಎಂದು. ಇಂಗ್ಲಿಷಿನಲ್ಲಿದ್ದರೆ ತೂಕ ಎಂದು ಬರೆಯುವ ಕೆಲಸ ನನಗೆ ಬಂತು. ನಮ್ಮಲ್ಲಿ ಒಬ್ಬರು ಸತ್ತರೆ ಎಂದು ಬರುವ ವಾಕ್ಯವನ್ನು ನಾನು ಮೊದಲು ವೀ ಸ್ಟಾಫ್ ಎಂದು ಶುರುಮಾಡಿದ್ದೆ. ಓದಿ ಹೇಳಿದಾಗ ಹೆಡ್‌ಮಾಸ್ಟರು ತಡೆದರು.

"ಶ್ರೀರಂಗಯ್ಯ, ಸ್ಟಾಫ್ ಅಂದ್ರೆ ಜವಾನನೂ ಬಂದ್ನಲ್ರೀ. ನಾಳೆ ಅವನು ಸತ್ರೆ ನಾವೆಲ್ಲ ಹಾರ ಹಿಡ್ಕೊಂಡು ಹೊಲದ ಬದುವಿನ ಮೇಲೆ ಹೋಗ್ಬೇಕಾ? ವೀ ಟೀಚರ್ಸ್ ಅಂತ ಹಾಕಿ. ಕೇಳೋಕೂ ಚೆನ್ನಾಗಿದೆ."

ಎಲ್ಲರೂ ನಕ್ಕರು. ಆ ಹೊತ್ತಿಗೆ ಅಂಜನಪ್ಪ ಟೀ ಲೋಟಗಳನ್ನು ಹಿಡಿದು ಒಳಗೆ ಬಂದ. ಮಾತು ಅರ್ಧಂಬರ್ಧ ಕಿವಿಗೆ ಬಿದ್ದದ್ದರಿಂದ ಅವನಿಗೆ ಪೂರ್ತಿ ತಿಳಿಯಲಿಲ್ಲ. ನಾನು ಸ್ಟಾಫ್ ಎಂಬುದನ್ನು ಹೊಡೆದುಹಾಕಿ ಟೀಚರ್ಸ್ ಎಂದು ಬರೆದೆ. ಏಕೆ ಬರೆಯುತ್ತಿದ್ದೇನೆಂದು ಬಲ್ಲೆ. ಬಲ್ಲವನಾಗಿಯೇ ಬರೆದೆ. ಬರೆದಾದ ಮೇಲೆ ವಾಕ್ಯ ಚೆನ್ನಾಗಿದೆ ಎಂದೂ ಅನ್ನಿಸಿತು. ನನ್ನ ಬಗ್ಗೆ ನನಗೆ ಅಸಹ್ಯವಾಗುವ ಸಂಗತಿಗಳಲ್ಲಿ ಇದೂ ಒಂದು.

ಸಂಜೆ ಶಾಲೆ ಬಿಟ್ಟು ಮನೆಗೆ ಹೋಗುವಾಗ ಅವನು ಕೇಳಿದ. "ಏನ್ಲಾ ಶ್ರೀರಂಗ, ಅದೇನೋ ಬರ್ದ್ರಲ್ಲ, ಸತ್ತೋರ್ಗೆ ಶಾಲೆ ಬುಡೋದು. ಅದ್ರಾಗೆ ನಾನೂ ಇದೀನಾ?"

"ಇದೀಯ ಕಣ್ಲಾ."

"ಎಲ್ಲಿದೀನಿ? ಓದಿ ಹೇಳು ಮತ್ತೆ."

ಕರಡು ನನ್ನ ಜೇಬಿನಲ್ಲೇ ಇತ್ತು. ತೆಗೆದು ಮೊದಲ ಪದದ ಮೇಲೆ ಬೆರಳಿಟ್ಟೆ. "ಇಲ್ನೋಡು, ವೀ. ವೀ ಅಂದ್ರೆ ನಾವು. ನಾವು ಅಂದ್ಮೇಲೆ ನೀನೂ ಸೇರ್ದೆ."

ಎರಡನೆಯ ಪದ ನನ್ನ ಹೆಬ್ಬೆರಳಿನ ಕೆಳಗಿತ್ತು. ಅದನ್ನು ಓದಲಿಲ್ಲ. ಅವನು ಆ ಮೊದಲ ಪದವನ್ನೇ ಸ್ವಲ್ಪ ಹೊತ್ತು ನೋಡಿದ.

"ಒಳ್ಳೇದಾಯ್ತು ಬುಡು" ಎಂದ. "ನಮ್ಮಪ್ಪ ಸತ್ತಾಗ ಎತ್ತಾಕೆ ನಾಕು ಜನ ಸಿಕ್ಕದೆ ಎಷ್ಟು ಒದ್ದಾಡಿದ್ವಿ ಗೊತ್ತಲ್ಲ. ನನಗೆ ಹಾರ ಹಾಕೋವಾಗ ಸೇವಂತಿಗೆ ತರ್ಸು ಕಣ್ಲಾ. ಆ ಡ್ರಾಯಿಂಗ್ ಮೇಷ್ಟ್ರಿಗೆ ಅವರ ಮನೆಯೋರು ಹಾಕಿದ್ರಂತಲ್ಲ ಕನಕಾಂಬರ, ಅದು ಜಡೆಗೆ ಮುಡಿಯೋ ಹೂವು."

"ಲೇ, ಸಾಯೋ ಮಾತು ಯಾಕೆ ಈಗ?"

"ಸಾಯ್ದೆ ನಿನ್ನಂಗೆ ಪೆನ್ಷನ್ ತಗಳಾಕೆ ಆಯ್ತದಾ ನನಗೆ?" ಎಂದು ನಕ್ಕ.

ಆಮೇಲೆ ಎರಡು ಸಲ ಆ ನಿಯಮ ನಡೆಯಿತು. ವಿಜ್ಞಾನದ ಮಾಸ್ಟರು ಸತ್ತಾಗ ಮತ್ತು ಹಿಂದಿ ಪಂಡಿತರು ಸತ್ತಾಗ. ಎರಡು ಸಲವೂ ಸೈಕಲ್ಲು ತುಳಿದು ತುರುವೇಕೆರೆಯಿಂದ ಹಾರ ತಂದವನು ಅಂಜನಪ್ಪ. ಗುಣಿಯ ಬಳಿ ಮಾತಾಡಿದವನು ನಾನು.

ಇನ್ನು ಆ ಗುರುವಾರಕ್ಕೆ ಬರುತ್ತೇನೆ. ರಹೀಮನ ಟೆಂಪೋದಲ್ಲೇ ಹೆಣವನ್ನು ಮನೆಗೆ ತಂದೆವು. ಮನೆ ಶಾಲೆಯ ಹಿಂದಿನ ಬೀದಿಯಲ್ಲೇ. ಹೆಣವನ್ನು ನಡುಮನೆಯಿಂದ ಅಂಗಳಕ್ಕೆ ತಂದು ಗೋಡೆಗೆ ಒರಗಿಸಿ ಕೂರಿಸಿದರು. ಬೀದಿಯಲ್ಲಿ ಯಾರೂ ಒಲೆ ಹಚ್ಚಲಿಲ್ಲ. ಆಂಜನೇಯನ ಗುಡಿಯ ಬಾಗಿಲು ಹಾಕಿದರು. ಹೆಣ ಎತ್ತುವವರೆಗೆ ಗಂಟೆ ಬಾರಿಸಬಾರದು ಎಂಬುದು ನಮ್ಮ ಕಡೆಯ ನಡಾವಳಿ. ಅಂಜನಪ್ಪನ ಹೆಂಡತಿ ಬೋರಮ್ಮ ಅತ್ತು ಅತ್ತು ಸುಮ್ಮನಾದ ಮೇಲೆ ನನ್ನ ಕಡೆ ತಿರುಗಿದಳು. ಮದುವೆಯಾಗಿ ಬಂದ ದಿನದಿಂದ ಅವಳು ನನ್ನನ್ನು ಅಣ್ಣ ಎನ್ನುತ್ತಿದ್ದಳು.

"ಶಾಲೆ ಬುಟ್ರಾ ಅಣ್ಣಾ? ಮೇಷ್ಟ್ರುಗಳು ಎಷ್ಟೊತ್ಗೆ ಬತ್ತಾರೆ?"

ನಾನು ಶಾಲೆಯ ಕಡೆ ನೋಡಿದೆ.

"ಅವ್ರು ಬರೋಗಂಟ ಎತ್ತಾಕಿಲ್ಲ. ಯಜಮಾನ್ರೇ ನಂಗೆ ಹೇಳವ್ರೆ, ಹೆಡ್‌ಮೇಷ್ಟ್ರು ಹಾರ ಇಡ್ಕೊಂಡು ಮುಂದೆ ಬತ್ತಾರೆ, ಎಲ್ಲಾ ಮೇಷ್ಟ್ರು ಹಿಂದೆ ಬತ್ತಾರೆ ಅಂತ. ನೀವೇ ಇಂಗ್ಲೀಷಲ್ಲಿ ಬರ್ದಿದೀರಂತೆ."

ಅಂಜನಪ್ಪನ ಅಣ್ಣ ದೊಡ್ಡರಂಗಯ್ಯ ಗುಣಿ ತೋಡಿಸಿ ಬಂದಿದ್ದ. "ಬಿಸ್ಲು ಏರ್ತಾ ಐತೆ ಕಣವ್ವಾ, ಬೆಳಿಗ್ಗೇನೇ ಹೋದ ಜೀವ" ಎಂದ.

"ಏರ್ಲಿ. ಇಪ್ಪತ್ತಾರು ವರ್ಸ ಅವ್ರಿಗೆ ನೀರು ಹೊತ್ತವ್ರೆ. ಬತ್ತಾರೆ."

ನಾನು ಕರೆದುಕೊಂಡು ಬರುತ್ತೇನೆಂದು ಹೇಳಿ ಶಾಲೆಗೆ ಓಡಿದೆ. ಊಟದ ಹೊತ್ತು. ಸ್ಟಾಫ್ ರೂಮಿನಲ್ಲಿ ಡಬ್ಬಿಗಳು ಬಿಚ್ಚಿದ್ದವು. ಹೆಡ್‌ಮಾಸ್ಟರು ಚಿತ್ರಾನ್ನ ಮುಗಿಸಿ ಕೊಬ್ಬರಿ ಬೆಲ್ಲ ಮೆಲ್ಲುತ್ತಿದ್ದರು. ಶಾಲೆಯ ಅಂಗಳದ ಮರಗಳ ಕಾಯಿಯನ್ನು ಅಂಜನಪ್ಪನೇ ಉಗ್ರಾಣದ ಅಟ್ಟಕ್ಕೆ ಹಾಕಿ, ವರ್ಷ ಕಾದು, ಸುಲಿದು, ಒಡೆದು ಕೊಟ್ಟ ಕೊಬ್ಬರಿ ಅದು. ಅವರ ತುಟಿಯ ಮೂಲೆಯಲ್ಲಿ ಬಿಳಿಯ ಹಿಟ್ಟು ಅಂಟಿತ್ತು. ಕೋಣೆಯೆಲ್ಲ ಎಣ್ಣೆಯ ವಾಸನೆ. ನನಗೆ ಅಂದಿನಿಂದ ಕೊಬ್ಬರಿ ಸೇರುವುದಿಲ್ಲ.

"ಸಾರ್, ಬೋರಮ್ಮ ಹೆಣ ಎತ್ತೋಕೆ ಬಿಡ್ತಿಲ್ಲ. ನಮಗೋಸ್ಕರ ಕಾಯ್ತಿದಾಳೆ. ಒಂದು ಗಳಿಗೆ ಶಾಲೆ ಬಿಟ್ಟು ಹೋಗಿಬರೋಣ" ಎಂದೆ.

"ಅರ್ಧವಾರ್ಷಿಕ ಪರೀಕ್ಷೆ ತಲೆ ಮೇಲಿದೆ ಕಣ್ರೀ" ಎಂದರು. "ಅಷ್ಟಕ್ಕೂ ಅವಳಿಗೆ ಯಾರು ಹೇಳಿದ್ದು ನಾವು ಬರ್ತೀವಿ ಅಂತ?"

"ನಿಯಮ ಇದೆಯಲ್ಲ ಸಾರ್."

"ತೆಗೀರಿ ರಿಜಿಸ್ಟರು. ಓದಿ."

ಬೀರುವಿನಿಂದ ತೆಗೆದು ಓದಿದೆ. ವೀ ಟೀಚರ್ಸ್ ಎಂಬಲ್ಲಿಗೇ ಅವರು ಕೈ ಎತ್ತಿದರು.

"ಸಾಕು. ಯಾರ ಅಕ್ಷರ ಅದು?"

"ನಂದೇ."

"ಅಂಜನಪ್ಪ ಯಾವ ಸಬ್ಜೆಕ್ಟ್ ಟೀಚರು?"

ಒಬ್ಬರು ಕಿಸಕ್ಕನೆ ನಕ್ಕು ಕೆಮ್ಮಿದಂತೆ ಮಾಡಿದರು. ಗಣಿತದ ದ್ರಾಕ್ಷಾಯಣಮ್ಮ, "ಪಾಪ, ಒಳ್ಳೆ ಮನುಷ್ಯ. ಬೆಳಿಗ್ಗೆ ಬರೋ ಅಷ್ಟರಲ್ಲಿ ನನ್ನ ಕುರ್ಚಿ ಒರೆಸಿಟ್ಟಿರೋನು" ಎಂದು ಹೇಳಿ ಉಪ್ಪಿನಕಾಯಿಯ ಡಬ್ಬಿಯನ್ನು ಪಕ್ಕದವರಿಗೆ ದಾಟಿಸಿದರು.

"ಇವತ್ತು ಒಬ್ಬನಿಗೆ ಹೋದ್ರೆ ನಾಳೆ ಕಸ ಗುಡಿಸೋಳಿಗೂ ಹೋಗ್ಬೇಕು" ಎಂದರು ಹೆಡ್‌ಮಾಸ್ಟರು. "ನಿಮ್ಮ ಸ್ನೇಹಿತ, ನೀವು ಹೋಗಿ, ಯಾರು ಬೇಡ ಅಂದ್ರು? ಅರ್ಧ ದಿನದ ರಜಾ ಚೀಟಿ ಬರೆದಿಟ್ಟು ಹೋಗಿ."

ಆಗ ನಾನು ಏನಾದರೂ ಹೇಳಬೇಕಿತ್ತು. ರಿಜಿಸ್ಟರನ್ನು ಅವರ ಮುಂದೆ ಎಸೆದು ಬರಬೇಕಿತ್ತು. ನಾನು ಮಾಡಿದ್ದೆಂದರೆ, ಕೂತು, ವಿಧೇಯ ಎಂದು ಕೊನೆಯಲ್ಲಿ ಬರೆದು, ಸಹಿ ಹಾಕಿ, ರಜಾ ಚೀಟಿ ಕೊಟ್ಟದ್ದು.

ಬೋರಮ್ಮನ ಅಂಗಳಕ್ಕೆ ನಾನು ಕಾಲಿಡುವಾಗ ಶಾಲೆಯ ಗಂಟೆ ಬಾರಿಸಿತು. ಡ್ರಿಲ್ ಮಾಸ್ಟರು ಬಾರಿಸಿರಬೇಕು. ಜಗಲಿಗಳ ಮೇಲೆ ಕೂತಿದ್ದವರೆಲ್ಲ ತಲೆ ಎತ್ತಿದರು. ಎದುರಿಗೆ ಹೆಣವಿತ್ತು. ಒಬ್ಬ ಮುದುಕಿ ತೂ ಎಂದು ಉಗಿದಳು. ಶಾಲೆಯ ಕಡೆಗೆ ಉಗಿದಳು, ನಾನು ಅದೇ ಕಡೆಯಿಂದ ಬರುತ್ತಿದ್ದೆ.

ಬೋರಮ್ಮ ನನ್ನ ಹಿಂದೆ ದಾರಿಯತ್ತ ನೋಡಿದಳು. "ಅವ್ರೆಲ್ಲ?"

ಸುಳ್ಳು ಹೇಳಲು ಬೇಕಾದಷ್ಟು ದಾರಿಯಿತ್ತು. ಇನ್ಸ್‌ಪೆಕ್ಟರು ಬಂದಿದ್ದಾರೆ ಎನ್ನಬಹುದಿತ್ತು. ಪರೀಕ್ಷೆ ಎನ್ನಬಹುದಿತ್ತು. ಆದರೆ ಅವಳು ಸಂಜೆಯವರೆಗೂ ಕಾಯುವಳೆಂದು ನನಗೆ ಗೊತ್ತಾಯಿತು. ಹೆಣದ ಮೂಗಿಗೆ ಇಟ್ಟ ಹತ್ತಿಯ ಮೇಲೆ ಆಗಲೇ ನೊಣ ಕೂರುತ್ತಿತ್ತು. ರಹೀಮ್ ಇನ್ನೂ ಹೋಗದೆ ಅಲ್ಲೇ ನಿಂತು ಟವೆಲ್ಲಿನಿಂದ ಅದನ್ನು ಓಡಿಸುತ್ತಿದ್ದ.

"ಬರೋದಿಲ್ಲ ಬೋರಮ್ಮ" ಎಂದೆ. "ಅಂಜನಪ್ಪನ ಹೆಸರು ಅದರಲ್ಲಿಲ್ಲ. ಮೇಷ್ಟ್ರುಗಳು ಸತ್ತರೆ ಮಾತ್ರ ಅಂತ ಬರೆದಿದೆ. ಹಾಗೆ ಬರೆದೋನು ನಾನೇ. ಅವನು ಕೇಳಿದಾಗ ನೀನೂ ಇದೀಯ ಅಂತ ಸುಳ್ಳು ಹೇಳ್ದೆ."

ಅವಳು ಗಂಡನ ಮುಖ ನೋಡಿ ನನ್ನತ್ತ ತಿರುಗಿದಳು.

"ನೀವೇ ಓದಿ ಹೇಳಿದ್ರಿ ಅಂತಿದ್ರಲ್ಲ ಅವ್ರು?"

"ಅರ್ಧ ಓದಿ ಹೇಳ್ದೆ."

"ಎಂಟು ವರ್ಸ ಅವ್ರು ಅದನ್ನೇ ಯೋಳ್ಕೊಂಡು ತಿರುಗ್ತಿದ್ರು. ನನ್ನ ತಮ್ಮನ ಹೆಂಡ್ತಿ ತಾವ, ಅಂಗಡಿ ತಾವ. ನೀವು ದಿನಾ ಜೊತ್ಗೇ ಬತ್ತಿದ್ರಿ."

"ಹೌದು."

ಅವಳು ಹೆಣದ ಬಳಿಗೆ ಬಗ್ಗಿದಳು. ಸೆರಗಿನಿಂದ ಗಂಡನ ಮುಖ ಒರೆಸಿದಳು. "ಎತ್ರಪ್ಪಾ. ಇನ್ಯಾರೂ ಬರಾಕಿಲ್ಲ" ಎಂದಳು.

ಬಾಯಿಗೆ ಅಕ್ಕಿ ಹಾಕಿದರು. ಚಟ್ಟದ ಮುಂಭಾಗಕ್ಕೆ ದೊಡ್ಡರಂಗಯ್ಯ ಮತ್ತು ಅವನ ಮಗ, ಹಿಂಭಾಗಕ್ಕೆ ಬೋರಮ್ಮನ ತಮ್ಮ. ಇನ್ನೊಂದು ಕಡೆಗೆ ನಾನು ಶಲ್ಯ ತೆಗೆದು ಸೊಂಟಕ್ಕೆ ಕಟ್ಟಿ ಬಗ್ಗಿದೆ.

"ನೀವು ಬ್ಯಾಡ, ಮೇಷ್ಟ್ರೇ" ಎಂದಳು ಬೋರಮ್ಮ. ದನಿ ಏರಿಸಲಿಲ್ಲ. "ನೀವು ಹಿಂದ್ಗಡೆ ಬನ್ನಿ."

ನಾನು ಹಿಂದೆ ಸರಿದೆ. ರಹೀಮ್ ಅತ್ತ ಇತ್ತ ನೋಡಿದ. "ನಾನು ಹಿಡೀಬೋದಾ ಅಮ್ಮಾ? ನಿಮ್ಮಲ್ಲಿ ನಡೆಯುತ್ತಾ?" ಎಂದು ಕೇಳಿದ.

"ಕೊನೇ ನೀರು ಕೊಡಾಕೆ ಹೋದೋನು ನೀನು. ಹಿಡಿಯಪ್ಪ."

ಅವನು ಚಪ್ಪಲಿ ಬಿಟ್ಟು ಹೆಗಲು ಕೊಟ್ಟ. ನಾನು ಹಿಂದೆ ನಡೆದೆ. ದಾರಿ ಶಾಲೆಯ ಮುಂದೆಯೇ ಹೋಗಬೇಕು. ತಮಟೆಯ ಸದ್ದು ಹತ್ತಿರವಾದಾಗ ಸ್ಟಾಫ್ ರೂಮಿನ ಕಿಟಕಿಯಲ್ಲಿ ಎರಡು ಮೂರು ಮುಖ ಕಾಣಿಸಿದವು. ಯಾರೋ ಒಳಗಿನಿಂದ ಕೈ ಚಾಚಿ ಕಿಟಕಿಯ ಬಾಗಿಲು ಎಳೆದುಕೊಂಡರು. ಪಾಠಕ್ಕೆ ತೊಂದರೆ ಎಂದಿರಬೇಕು. ಅಂಗಿಯ ತೋಳು ನೋಡಿಯೇ ಅದು ಯಾರೆಂದು ನನಗೆ ತಿಳಿಯಿತು. ಹೆಸರು ಬರೆಯುವುದಿಲ್ಲ. ಅವರೂ ಈಗ ಇಲ್ಲ.

ದೊಡ್ಡರಂಗಯ್ಯನ ತೋಟದಂಚಿನಲ್ಲಿ ಗುಣಿ ತೆಗೆದಿದ್ದರು. ವಿಜ್ಞಾನದ ಮಾಸ್ಟರ ಗುಣಿಯ ಬಳಿ ನಾನು ಹತ್ತು ನಿಮಿಷ ಮಾತಾಡಿದ್ದೆ, ಕೇಳಿದವರು ಹೊಗಳಿದ್ದರು. ಅಂದು ನನ್ನಿಂದ ಒಂದು ಮಾತೂ ಬರಲಿಲ್ಲ, ಯಾರೂ ಕೇಳಲೂ ಇಲ್ಲ. ಮೂರು ಹಿಡಿ ಮಣ್ಣು ಹಾಕಿ ಕೆರೆಯಲ್ಲಿ ಮುಳುಗಿ ಮನೆಗೆ ಬಂದೆ. ಹನ್ನೊಂದನೆಯ ದಿನ ಹೋದಾಗ ಬೋರಮ್ಮ ಎಲ್ಲರಂತೆ ನನಗೂ ಎಲೆ ಹಾಕಿಸಿದಳು. "ಊಟ ಮಾಡಿ ಮೇಷ್ಟ್ರೇ" ಎಂದಳು. ಅಣ್ಣ ಎಂದು ಆಮೇಲೆ ಒಂದು ದಿನವೂ ಕರೆಯಲಿಲ್ಲ.

ಮುಂದಿನ ತಿಂಗಳ ಸಭೆಯಲ್ಲಿ ನಿಯಮವನ್ನು ತಿದ್ದಬೇಕೆಂದು ನಾನು ಹೇಳಿದೆ. ಜಗಳವಾಗಬಹುದು ಎಂದುಕೊಂಡಿದ್ದೆ. ಹೆಡ್‌ಮಾಸ್ಟರು ನಗುತ್ತ, "ಬರ್ಕೊಳ್ಳಿ. ಹೊಸ ಜವಾನನಿಗೆ ಇಪ್ಪತ್ತೆರಡು ವರ್ಷ. ಅವನು ಸಾಯೋ ಹೊತ್ತಿಗೆ ನಾವ್ಯಾರಿರ್ತೀವಿ?" ಎಂದರು. ಎಲ್ಲರೂ ಒಪ್ಪಿದರು. ನಾನು ಕನ್ನಡದಲ್ಲಿ ಬರೆದೆ. ಅದರಿಂದ ಯಾರಿಗೂ ಏನೂ ನಷ್ಟವಿರಲಿಲ್ಲ, ಆದ್ದರಿಂದಲೇ ಅದು ಅಷ್ಟು ಸುಲಭವಾಗಿ ಆಯಿತು. ಮತ್ತೆ ಐದು ವರ್ಷ ಅದೇ ಕುರ್ಚಿಯಲ್ಲಿ ಕೂತು, ಅವರ ಜೊತೆಗೇ ಡಬ್ಬಿ ಬಿಚ್ಚಿ ಉಂಡು, ನಿವೃತ್ತನಾದೆ. ನನಗೂ ಹಾರ ಹಾಕಿದರು. ಸೇವಂತಿಗೆಯದು.

ವರ್ಷಕ್ಕೊಮ್ಮೆ ಧನುರ್ಮಾಸದಲ್ಲಿ ಸಂಪಿಗೆಗೆ ಹೋಗಿ ಅವನ ಹೆಸರಿನಲ್ಲಿ ಅರ್ಚನೆ ಮಾಡಿಸುತ್ತೇನೆ. ಈಗ ಮೊಣಕಾಲು ನೋವು, ಬಸ್ಸಿನಲ್ಲಿ ಹೋಗುತ್ತೇನೆ. ಅರ್ಚಕರು ಹೆಸರು ಕೇಳಿದರೆ ಅಂಜನಪ್ಪ ಎಂದಷ್ಟೇ ಹೇಳುತ್ತೇನೆ. ಅವರು ನಿಮಗೆ ಏನಾಗಬೇಕು ಎಂದು ಕೇಳಿದರೆ ತಟ್ಟೆಗೆ ದಕ್ಷಿಣೆ ಹಾಕಿ ಕೈ ಮುಗಿಯುತ್ತೇನೆ. ನನಗಾಗಿ ಬೇಡುವ ಯೋಗ್ಯತೆ ನನಗಿಲ್ಲ. ಅವನಿಗಾಗಿ ಬೇಡುತ್ತೇನೆ.

ಸ್ವಾಮಿ ಶ್ರೀನಿವಾಸ, ಅವನು ಒಳ್ಳೆಯವನು, ನಿನಗೆ ಗೊತ್ತು. ಶ್ರಾವಣದಲ್ಲಿ ಬರಿಗಾಲಿನಲ್ಲಿ ನಿನ್ನ ಬಳಿಗೆ ನಡೆದು ಬಂದವನು. ಬಿಸಿಲಿನಲ್ಲಿ ಅವನು ಕಾದದ್ದು ಸಾಕು. ಅವನನ್ನು ನಿನ್ನ ನೆರಳಿಗೆ ಕರೆದುಕೋ. ಯಾರ ದಾರಿಯನ್ನೂ ನೋಡಬೇಕಿಲ್ಲದ ಶಾಂತಿಯನ್ನು ಆ ಜೀವಕ್ಕೆ ಕೊಡು.